ರೈಲು ಪಾಸ್ ಕೊಳ್ಳಬೇಕಾ, ಬಿಡಿ ಟಿಕೆಟ್ ಸಾಕಾ? ವಿದೇಶಕ್ಕೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಬಿಎಂಟಿಸಿ ಡೇ ಪಾಸ್ ಕೊಳ್ಳುವ ಮುಂಚೆ ನಾವೆಲ್ಲ ಮನಸ್ಸಿನಲ್ಲೇ ಒಂದು ಲೆಕ್ಕ ಹಾಕುತ್ತೇವೆ. ಇವತ್ತು ಎಷ್ಟು ಬಸ್ ಹತ್ತಬೇಕು, ವಾಪಸ್ ಬರುವಾಗ ಮೆಟ್ರೋ ಹಿಡಿಯುತ್ತೇನಾ ಅಂತ. ಎರಡೇ ಬಸ್ಸಾದರೆ ಪಾಸ್ ಬೇಡ, ಮುಗೀತು. ಅದೇ ನಾವು ಯುರೋಪಿಗೋ ಜಪಾನಿಗೋ ಹೊರಟಾಗ ಮಾತ್ರ ಈ ಬುದ್ಧಿಯನ್ನು ಏರ್‌ಪೋರ್ಟಿನಲ್ಲೇ ಬಿಟ್ಟು, "ಎಲ್ಲರೂ ತಗೋತಾರಂತೆ" ಅಂತ ಒಬ್ಬೊಬ್ಬರಿಗೆ ಮೂವತ್ತು ಸಾವಿರ ರೂಪಾಯಿ ಸುರಿದುಬಿಡುತ್ತೇವೆ. ನೆಂಟರು, ಸ್ನೇಹಿತರು, ಸ್ನೇಹಿತರ ಸ್ನೇಹಿತರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ ಆಗಿರುವುದರಿಂದ ಒಂದೇ ಕಡೆ ಬರೆದಿಟ್ಟಿದ್ದೇನೆ. ದರಗಳು ವರ್ಷಕ್ಕೊಮ್ಮೆ ಬದಲಾಗುತ್ತವೆ. ಇಲ್ಲಿ ಕೊಟ್ಟಿರುವುದನ್ನು ಅಂದಾಜಿಗೆ ಇಟ್ಟುಕೊಳ್ಳಿ, ಕೊಳ್ಳುವ ದಿನ ಮತ್ತೊಮ್ಮೆ ನೋಡಿ.

ಸುತ್ತಿ ಬಳಸಿ ಬೇಡ. ಪಾಸ್ ಬೇಕಾ, ಬೇಡ್ವಾ?

ಊರು, ತಾರೀಖು, ಹೋಟೆಲ್ ಎಲ್ಲ ಮೊದಲೇ ಗಟ್ಟಿಯಾಗಿದ್ದರೆ ಬಿಡಿ ಟಿಕೆಟ್. ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗೋಣ ಅಂತ ಯೋಚಿಸುವ ಜಾತಿಯವರಾದರೆ ಪಾಸ್. ಸ್ವಿಟ್ಜರ್ಲೆಂಡ್ ಮಾತ್ರ ಬೇರೆಯೇ ಕತೆ, ಕೆಳಗೆ ಬರೆದಿದ್ದೇನೆ.

ನಮ್ಮಲ್ಲಿ ಬಹಳಷ್ಟು ಜನ ಮೊದಲ ಗುಂಪಿನವರೇ. ಅದಕ್ಕೆ ನಮ್ಮ ಸ್ವಭಾವ ಕಾರಣವಲ್ಲ, ವೀಸಾ ಕಾರಣ. ಷೆಂಗೆನ್ ವೀಸಾಕ್ಕೆ (ಯುರೋಪಿನ ಬಹಳಷ್ಟು ದೇಶಗಳಿಗೆ ಸೇರಿ ಕೊಡುವ ಒಂದೇ ವೀಸಾ) ಅರ್ಜಿ ಹಾಕುವಾಗ ಯಾವ ದಿನ ಯಾವ ಊರು, ಯಾವ ಹೋಟೆಲ್ ಅಂತ ಬರೆದು ಕೊಡಬೇಕು. ಅಷ್ಟು ಕೆಲಸ ಮಾಡಿದ ಮೇಲೆ ರೈಲಿನ ತಾರೀಖೂ ಗೊತ್ತಾದ ಹಾಗೇ ಅಲ್ವಾ? ತಾರೀಖು ಗೊತ್ತಿದ್ದೂ "ಯಾವಾಗ ಬೇಕಾದರೂ ಹತ್ತಬಹುದು" ಅನ್ನುವ ಪಾಸ್‌ಗೆ ದುಡ್ಡು ಕೊಟ್ಟರೆ, ಉಪಯೋಗಿಸದ ಸೌಲಭ್ಯಕ್ಕೆ ದುಡ್ಡು ಕೊಟ್ಟ ಹಾಗೆ.

ಹಾಗಾದರೆ ಈ ಪಾಸ್‌ಗಳು ಯಾಕೆ ಇಷ್ಟು ಫೇಮಸ್?

ಯುರೇಲ್ ಅಂದರೆ ಯುರೋಪಿನ ಹಲವು ದೇಶಗಳ ರೈಲಿಗೆ ಒಂದೇ ಪಾಸ್. ಅದು ಶುರುವಾಗಿದ್ದು 1959ರಲ್ಲಿ. ಯುರೋಪಿನ ಹೊರಗಿನಿಂದ ಬರುವವರಿಗೆ ಅಂತಲೇ ಮಾಡಿದ್ದು. ಆಗ ಮನೆಯಲ್ಲಿ ಕೂತು ಇನ್ನೊಂದು ದೇಶದ ರೈಲು ಟಿಕೆಟ್ ಕೊಳ್ಳುವ ದಾರಿಯೇ ಇರಲಿಲ್ಲ. ಪ್ರತಿ ದೇಶದ ಸ್ಟೇಷನ್‌ನಲ್ಲಿ ಬೇರೆ ಭಾಷೆ, ಬೇರೆ ದುಡ್ಡು, ಬೇರೆ ಕ್ಯೂ. ಒಂದೇ ಕಾಗದದಲ್ಲಿ ಎಲ್ಲ ಮುಗಿಯುತ್ತೆ ಅನ್ನುವುದು ದೊಡ್ಡ ನೆಮ್ಮದಿಯಾಗಿತ್ತು. ಈಗ ಫೋನಿನಲ್ಲಿ ಐದು ನಿಮಿಷಕ್ಕೆ ಟಿಕೆಟ್ ಬರುತ್ತದೆ. ಅದೂ ಅಲ್ಲದೆ ಆಗ ಟಿಕೆಟ್ ದರ ಹೆಚ್ಚಾಗಿ ಕಿಲೋಮೀಟರ್ ಲೆಕ್ಕದಲ್ಲಿತ್ತು, ಇವತ್ತು ಕೊಂಡರೂ ಮೂರು ತಿಂಗಳು ಮುಂಚೆ ಕೊಂಡರೂ ಅಷ್ಟೇ. ಈಗ ವೇಗದ ರೈಲುಗಳ ದರ ವಿಮಾನದ ಹಾಗೆ ಏರುತ್ತದೆ, ಮುಂಚೆ ಕೊಂಡವರಿಗೆ ಅಗ್ಗ. ಪಾಸ್‌ನ ಹೆಸರು ಹಾಗೇ ಉಳಿದಿದೆ, ಸುತ್ತಲಿನ ಲೆಕ್ಕ ಬದಲಾಗಿದೆ.

ಲೆಕ್ಕ ಹಾಕುವುದು ಹೇಗೆ? ಒಂದು ಉದಾಹರಣೆ ಕೊಡಿ.

ನಮ್ಮವರು ಹೆಚ್ಚಾಗಿ ಮಾಡುವ ದಾರಿಯನ್ನೇ ತೆಗೆದುಕೊಳ್ಳೋಣ. ಪ್ಯಾರಿಸ್, ಅಲ್ಲಿಂದ ಸ್ವಿಟ್ಜರ್ಲೆಂಡಿನ ಇಂಟರ್‌ಲಾಕನ್, ಆಮೇಲೆ ಮಿಲಾನ್, ವೆನಿಸ್, ಫ್ಲಾರೆನ್ಸ್, ಕೊನೆಗೆ ರೋಮ್. ದೊಡ್ಡ ಪ್ರಯಾಣ ಐದು. ಯುರೇಲ್‌ನ ಎಲ್ಲ ದೇಶಕ್ಕೂ ನಡೆಯುವ ಐದು ದಿನದ ಗ್ಲೋಬಲ್ ಪಾಸ್ ವಯಸ್ಕರಿಗೆ ಸೆಕೆಂಡ್ ಕ್ಲಾಸ್‌ನಲ್ಲಿ 320 ಯೂರೋ ಹತ್ತಿರ. ಒಂದು ಯೂರೋಗೆ ನೂರು ರೂಪಾಯಿ ಅಂತ ಇಟ್ಟುಕೊಂಡರೆ 32,000. ಇಲ್ಲಿಗೆ ಮುಗಿಯಿತು ಅಂದುಕೊಂಡರೆ ತಪ್ಪು. ಇಟಲಿಯ ಫ್ರೆಚ್ಚಾರೊಸ್ಸಾ ಅನ್ನುವ ವೇಗದ ರೈಲಿನಲ್ಲಿ ಪಾಸ್ ಇದ್ದವರೂ ಪ್ರತಿ ಸಲ 13 ಯೂರೋ ಆಸುಪಾಸು ರಿಸರ್ವೇಶನ್ ಶುಲ್ಕ ಕಟ್ಟಬೇಕು, ಈ ದಾರಿಯಲ್ಲಿ ಅದು ಮೂರು ಸಲ. ಪ್ಯಾರಿಸ್‌ನಿಂದ ಸ್ವಿಟ್ಜರ್ಲೆಂಡ್‌ಗೆ ಬರುವ ಟಿಜಿವಿ ಲಿರಿಯಾ ಅನ್ನುವ ವೇಗದ ರೈಲಿಗೆ ಇನ್ನೂ ಜಾಸ್ತಿ. ಎಲ್ಲ ಸೇರಿ 400 ಯೂರೋ ಹತ್ತಿರ ಹೋಗುತ್ತದೆ.

ಈಗ ಬಿಡಿ ಟಿಕೆಟ್. ಫ್ಲಾರೆನ್ಸ್‌ನಿಂದ ರೋಮ್‌ಗೆ ಒಂದೂವರೆ ಗಂಟೆಯ ಪ್ರಯಾಣ, ಎರಡು ತಿಂಗಳು ಮುಂಚೆ ನೋಡಿದರೆ 20ರಿಂದ 25 ಯೂರೋಗೆ ಸಿಗುತ್ತದೆ. ಮಿಲಾನ್ ವೆನಿಸ್ ಕೂಡ ಹಾಗೇ. ಪ್ಯಾರಿಸ್‌ನಿಂದ ಬರುವುದು ದುಬಾರಿ, ಆದರೂ ಮುಂಚೆ ಕೊಂಡರೆ ಕೈಗೆಟುಕುತ್ತದೆ. ಐದೂ ಸೇರಿ ಸಾಮಾನ್ಯವಾಗಿ 200ರಿಂದ 250ರೊಳಗೆ ಬರುತ್ತದೆ. ಅಂದರೆ ಒಬ್ಬರಿಗೆ ಹದಿನೈದು ಸಾವಿರ ರೂಪಾಯಿ ವ್ಯತ್ಯಾಸ. ಹೋಗುವವರು ಎಷ್ಟು ಜನವೋ ಅಷ್ಟರಿಂದ ಗುಣಿಸಿಕೊಳ್ಳಿ.

ಲೆಕ್ಕದಲ್ಲಿ ಜನ ಮಾಡುವ ಒಂದು ತಪ್ಪು ಇದೆ. ಪಾಸ್ ದರವನ್ನು ಅವತ್ತೇ ಸ್ಟೇಷನ್‌ನಲ್ಲಿ ಕೊಳ್ಳುವ ಪೂರ್ತಿ ದರದ ಟಿಕೆಟ್ ಜೊತೆ ಹೋಲಿಸುತ್ತಾರೆ. ಪಾಸ್ ಮಾರುವವರ ಜಾಹೀರಾತೂ ಹಾಗೇ ಹೋಲಿಸುತ್ತದೆ. ನೀವು ನಿಜವಾಗಿ ಯಾವಾಗ ಕೊಳ್ಳುತ್ತೀರೋ ಆ ದಿನದ ದರದ ಜೊತೆ ಹೋಲಿಸಿ. ಇನ್ನೊಂದು ತಪ್ಪು, ಐದು ದಿನದ ಪಾಸ್ ಇದೆ ಅಂತ ಚಿಕ್ಕ ಪ್ರಯಾಣಕ್ಕೂ ಒಂದು ದಿನ ಸುಡುವುದು. ಫ್ಲಾರೆನ್ಸ್‌ನಿಂದ ಪೀಸಾಕ್ಕೆ ಲೋಕಲ್ ರೈಲಿನಲ್ಲಿ 10 ಯೂರೋ ಸಾಕು. ಅದಕ್ಕೆ 64 ಯೂರೋ ಬೆಲೆಯ ಒಂದು ಪಾಸ್ ದಿನ ಖರ್ಚು ಮಾಡಿದವರನ್ನು ನಾನು ನೋಡಿದ್ದೇನೆ. ಸರಿ, ಒಪ್ಪಿಕೊಳ್ಳುತ್ತೇನೆ, ಅದು ನಾನೇ.

ಮಕ್ಕಳು ಜೊತೆಗಿದ್ದಾರೆ. ಲೆಕ್ಕ ಬದಲಾಗುತ್ತಾ?

ಬದಲಾಗುತ್ತದೆ. ಯುರೇಲ್‌ನಲ್ಲಿ 4ರಿಂದ 11 ವರ್ಷದ ಮಕ್ಕಳಿಗೆ ಪಾಸ್ ಉಚಿತ, ಒಬ್ಬ ದೊಡ್ಡವರ ಜೊತೆ ಇಬ್ಬರು ಮಕ್ಕಳ ತನಕ. ಆದರೆ ಅವರಿಗೂ ಸೀಟಿನ ರಿಸರ್ವೇಶನ್ ಶುಲ್ಕ ಕಟ್ಟಬೇಕು, ಇದನ್ನು ತುಂಬಾ ಜನ ಮರೆಯುತ್ತಾರೆ. 27 ವರ್ಷದವರೆಗೆ ಯೂತ್ ದರ, ಕಾಲು ಭಾಗ ಕಮ್ಮಿ. 60 ದಾಟಿದವರಿಗೆ ಶೇಕಡಾ 10 ಕಮ್ಮಿ.

ಪಾಸ್ ಕಡೆ ತಕ್ಕಡಿ ವಾಲುವ ಮುಂಚೆ ಬಿಡಿ ಟಿಕೆಟ್ ಕಡೆಯೂ ನೋಡಿ. ಜರ್ಮನಿಯ ವೇಗದ ರೈಲಿನಲ್ಲಿ ಅಪ್ಪ ಅಮ್ಮನ ಜೊತೆ ಹೋಗುವ 14 ವರ್ಷದ ತನಕದ ಮಕ್ಕಳಿಗೆ ಟಿಕೆಟ್ ಇಲ್ಲ. 6 ದಾಟಿದ ಮಕ್ಕಳನ್ನು ಬುಕ್ ಮಾಡುವಾಗ ಟಿಕೆಟ್‌ನಲ್ಲಿ ಸೇರಿಸಬೇಕು, ಅಷ್ಟೇ. ಇಟಲಿಯಲ್ಲಿ ಸರ್ಕಾರಿ ರೈಲು ಕಂಪನಿ ಟ್ರೆನಿಟಾಲಿಯಾದವರ ಕುಟುಂಬದ ಆಫರ್‌ನಲ್ಲಿ 15ರ ಒಳಗಿನ ಮಕ್ಕಳು ಫ್ರೀ. ಎಲ್ಲ ದೇಶಕ್ಕೂ ಒಂದೇ ನಿಯಮ ಇಲ್ಲ ಅನ್ನುವುದೇ ತಲೆನೋವು.

ಪಾಸ್ ಕೈಯಲ್ಲಿದ್ದರೆ ಯಾವ ರೈಲು ಬೇಕಾದರೂ ಹತ್ತಬಹುದು ಅಲ್ವಾ?

ಅಲ್ಲ. ಇದೊಂದು ವಿಷಯ ತಲೆಯಲ್ಲಿ ಉಳಿದರೆ ಅರ್ಧ ತೊಂದರೆ ತಪ್ಪುತ್ತದೆ.

ಯುರೋಪನ್ನು ಎರಡು ಭಾಗ ಮಾಡಿಕೊಳ್ಳಿ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್, ಬೆಲ್ಜಿಯಂ, ನೆದರ್ಲೆಂಡ್ಸ್ ಒಂದು ಕಡೆ. ಇಲ್ಲಿ ದೇಶದ ಒಳಗಿನ ಹೆಚ್ಚಿನ ರೈಲುಗಳಿಗೆ ರಿಸರ್ವೇಶನ್ ಕಡ್ಡಾಯವಲ್ಲ. ಪಾಸ್ ಇಟ್ಟುಕೊಂಡು ಹತ್ತಿ, ಖಾಲಿ ಸೀಟು ನೋಡಿ ಕೂತುಕೊಳ್ಳಬಹುದು. ಫ್ರಾನ್ಸ್, ಇಟಲಿ, ಸ್ಪೇನ್ ಇನ್ನೊಂದು ಕಡೆ. ಇಲ್ಲಿ ವೇಗದ ರೈಲಿಗೆ ಪಾಸ್ ಜೊತೆಗೆ ರಿಸರ್ವೇಶನ್ ಇರಲೇಬೇಕು. ಫ್ರಾನ್ಸ್ ಒಳಗಿನ ಟಿಜಿವಿಗೆ 10 ಅಥವಾ 20 ಯೂರೋ, ಪ್ಯಾರಿಸ್ ಲಂಡನ್ ಯೂರೋಸ್ಟಾರ್‌ಗೆ 30ಕ್ಕಿಂತ ಜಾಸ್ತಿ. ಪಾಸ್‌ನವರಿಗೆ ಅಂತ ಇಟ್ಟಿರುವ ಸೀಟುಗಳೂ ಇಷ್ಟೇ ಅಂತ ಲೆಕ್ಕ. ರೈಲಿನಲ್ಲಿ ಜಾಗ ಇದ್ದರೂ ಪಾಸ್ ಕೋಟಾ ಮುಗಿದಿರಬಹುದು. ನಮ್ಮ ರೈಲ್ವೆಯ ಕೋಟಾಗಳನ್ನು ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನನಗೆ ಒಂದು ಜುಲೈ ಶನಿವಾರ ಹೀಗೇ ಆಯಿತು. ಪಾಸ್ ಇದೆಯಲ್ಲ ಅನ್ನುವ ಧೈರ್ಯದಲ್ಲಿ ಸ್ಟೇಷನ್‌ಗೆ ಹೋದೆ. ಸಂಜೆ ತನಕದ ಎಲ್ಲ ವೇಗದ ರೈಲಿನಲ್ಲೂ ಪಾಸ್ ಸೀಟು ಮುಗಿದುಹೋಗಿತ್ತು. ಪಾಸ್ ಜೇಬಿನಲ್ಲಿಟ್ಟುಕೊಂಡೇ ಪೂರ್ತಿ ದರದ ಟಿಕೆಟ್ ಕೊಂಡೆ. ಕೌಂಟರಿನಲ್ಲಿದ್ದ ಹೆಂಗಸಿಗೆ ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು, ಮ್ಯಾಪ್ ಒಂದು ಫ್ರೀಯಾಗಿ ಕೊಟ್ಟಳು.

ಇನ್ನು ಕೆಲವು ಕಂಪನಿಗಳು ಪಾಸ್ ಒಪ್ಪುವುದೇ ಇಲ್ಲ. ಇಟಲಿಯ ಈಟಲೊ, ಫ್ರಾನ್ಸ್‌ನ ವಿಗೋ ಅಂಥವು. ಸ್ಪೇನ್‌ನಲ್ಲಿ ಮ್ಯಾಡ್ರಿಡ್ ಬಾರ್ಸಿಲೋನಾ ಮಧ್ಯೆ ರೆನ್ಫೆ, ವಿಗೋ, ಇರ್ಯೋ ಅನ್ನುವ ಮೂರು ರೈಲು ಕಂಪನಿಯವರೂ ಪೈಪೋಟಿಗೆ ಬಿದ್ದು ದರ ಇಳಿಸಿದ್ದಾರೆ. ಅಲ್ಲಿ ಪಾಸ್ ಯೋಚನೆಯೇ ಬೇಡ.

ತಪ್ಪಿಸಿಕೊಳ್ಳುವ ದಾರಿಯೂ ಇದೆ. ಅದೇ ಊರುಗಳ ಮಧ್ಯೆ ನಿಧಾನದ ಲೋಕಲ್ ರೈಲುಗಳು ಓಡುತ್ತವೆ, ಅವಕ್ಕೆ ರಿಸರ್ವೇಶನ್ ಬೇಡ. ಸಮಯ ಎರಡರಷ್ಟು ಆಗುತ್ತದೆ. ಕಿಟಕಿ ಪಕ್ಕ ಕೂತು ದ್ರಾಕ್ಷಿತೋಟ ನೋಡುವ ಆಸೆ ಇದ್ದರೆ ಅದೇನೂ ನಷ್ಟವಲ್ಲ. ಬಿಡಿ ಟಿಕೆಟ್‌ನವರಿಗೆ ಒಂದು ಮಾತು: ಇಟಲಿಯ ಲೋಕಲ್ ರೈಲಿನ ಕಾಗದದ ಟಿಕೆಟ್‌ಗೆ ಹತ್ತುವ ಮುಂಚೆ ಪ್ಲಾಟ್‌ಫಾರ್ಮ್ ಹತ್ತಿರದ ಮೆಷೀನಿನಲ್ಲಿ ಮುದ್ರೆ ಒತ್ತಿಸಬೇಕು. ಮರೆತರೆ ದಂಡ.

ಯುರೇಲ್ 33 ದೇಶಕ್ಕೆ ನಡೆಯುತ್ತದಂತೆ. ಒಂದೇ ಪಾಸ್‌ನಲ್ಲಿ ಎಲ್ಲ ನೋಡಬಹುದಾ?

ಪಾಸ್ ಬಿಡುತ್ತದೆ, ವೀಸಾ ಬಿಡುವುದಿಲ್ಲ. ಬ್ರಿಟನ್, ಐರ್ಲೆಂಡ್, ಟರ್ಕಿ, ಸರ್ಬಿಯಾ ಇವೆಲ್ಲ ಪಾಸ್‌ನಲ್ಲಿ ಇವೆ, ಷೆಂಗೆನ್‌ನಲ್ಲಿ ಇಲ್ಲ. ಅಮೆರಿಕದವರು, ಆಸ್ಟ್ರೇಲಿಯಾದವರು ಬರೆದ ಪ್ರವಾಸದ ಸಲಹೆಗಳನ್ನು ಓದುವಾಗ ಇದು ನೆನಪಿರಲಿ. ಅವರು ಪ್ಯಾರಿಸ್‌ನಿಂದ ಲಂಡನ್‌ಗೆ ವೀಸಾ ಇಲ್ಲದೆ ಹೋಗಿಬರುತ್ತಾರೆ, ನಮ್ಮ ಪಾಸ್‌ಪೋರ್ಟ್‌ಗೆ ಅದು ಇನ್ನೊಂದು ಅರ್ಜಿ, ಇನ್ನೊಂದು ಶುಲ್ಕ, ಇನ್ನೊಂದು ಬಯೋಮೆಟ್ರಿಕ್ ಅಪಾಯಿಂಟ್‌ಮೆಂಟ್. ಮೂವತ್ಮೂರು ದೇಶದ ಪಾಸ್‌ನಲ್ಲಿ ನಾವು ಹತ್ತು ದಿನಕ್ಕೆ ಮೂರು ದೇಶ ನೋಡುತ್ತೇವೆ. ಉಳಿದದ್ದು ಕಾಗದದ ಮೇಲೆ.

ಒಂದೇ ದೇಶ ನೋಡುವುದಾದರೆ ಆ ದೇಶದ ಪಾಸ್ ಬೇರೆ ಸಿಗುತ್ತದೆ, ಅದು ಅಗ್ಗ.

ಯುರೇಲ್‌ನಲ್ಲಿ "ತಿಂಗಳೊಳಗೆ ಐದು ದಿನ" ಅಂದರೆ ಏನು?

ಒಂದು ತಿಂಗಳಿನಲ್ಲಿ ನಿಮಗೆ ಬೇಕಾದ ಐದು ದಿನ ಆರಿಸಿಕೊಳ್ಳಬಹುದು. ದಿನ ಅಂದರೆ ಮಧ್ಯರಾತ್ರಿಯಿಂದ ಮಧ್ಯರಾತ್ರಿ, ಅಷ್ಟರಲ್ಲಿ ಎಷ್ಟು ರೈಲು ಬೇಕಾದರೂ ಹತ್ತಿ. ರಾತ್ರಿ ರೈಲಿಗೆ ಹೊರಟ ದಿನ ಮಾತ್ರ ಲೆಕ್ಕ. ಬೆಳಿಗ್ಗೆ ಇಳಿದು ಅವತ್ತೇ ಇನ್ನೊಂದು ರೈಲು ಹತ್ತಿದರೆ ಆಗ ಇನ್ನೊಂದು ದಿನ ಹೋಗುತ್ತದೆ. ಮಲಗುವ ಬರ್ತ್‌ಗೆ ಪಾಸ್ ಇದ್ದರೂ ಬೇರೆ ದುಡ್ಡು.

ಪಾಸ್ ಈಗ ಫೋನಿನ ರೇಲ್ ಪ್ಲಾನರ್ ಆ್ಯಪ್‌ನಲ್ಲಿ ಇರುತ್ತದೆ. ಹತ್ತುವ ಮುಂಚೆ ಆ ರೈಲನ್ನು ಆ್ಯಪ್‌ನಲ್ಲಿ ಸೇರಿಸಬೇಕು, ಆಗಲೇ ಕ್ಯೂಆರ್ ಕೋಡ್ ಬರುತ್ತದೆ. ಟಿಸಿ ಬಂದ ಮೇಲೆ ಗಡಿಬಿಡಿಯಲ್ಲಿ ಸೇರಿಸಲು ಹೋದರೆ ಟಿಕೆಟ್ ಇಲ್ಲದವರ ಸಾಲಿಗೆ ಸೇರುತ್ತೀರಿ. ಪವರ್ ಬ್ಯಾಂಕ್ ಇಟ್ಟುಕೊಳ್ಳಿ.

ಸ್ವಿಟ್ಜರ್ಲೆಂಡ್‌ಗೆ ಯಾವುದು?

ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು.

ಸ್ವಿಟ್ಜರ್ಲೆಂಡ್‌ನಲ್ಲಿ ಸಾಮಾನ್ಯ ಟಿಕೆಟ್ ದರ ಕೇಳಿದರೆ ಎದೆ ಝಲ್ ಅನ್ನುತ್ತದೆ. ಜ್ಯೂರಿಕ್‌ನಿಂದ ಇಂಟರ್‌ಲಾಕನ್‌ಗೆ ಎರಡು ಗಂಟೆ, ಟಿಕೆಟ್ 70 ಫ್ರಾಂಕ್ ದಾಟುತ್ತದೆ. ಹಾಗಾಗಿ ಇಲ್ಲಿ ಪೂರ್ತಿ ದರದ ಬಿಡಿ ಟಿಕೆಟ್ ಯಾರೂ ಕೊಳ್ಳಬಾರದು. ಆಯ್ಕೆ ಇರುವುದು ಸ್ವಿಸ್ ಟ್ರಾವೆಲ್ ಪಾಸ್ ಮತ್ತು ಹಾಫ್ ಫೇರ್ ಕಾರ್ಡ್ ನಡುವೆ.

ಟ್ರಾವೆಲ್ ಪಾಸ್ 3, 4, 6, 8 ಅಥವಾ 15 ದಿನಕ್ಕೆ. ಮೂರು ದಿನಕ್ಕೆ 250 ಫ್ರಾಂಕ್ ಆಸುಪಾಸು. ದಿನ ಹೆಚ್ಚಾದಷ್ಟೂ ದಿನದ ಲೆಕ್ಕ ಕಮ್ಮಿಯಾಗುತ್ತದೆ. ರೈಲು, ಹಳದಿ ಪೋಸ್ಟ್ ಬಸ್, ಸರೋವರದ ದೋಣಿ, ಊರೊಳಗಿನ ಟ್ರಾಮ್, 500ಕ್ಕೂ ಹೆಚ್ಚು ಮ್ಯೂಸಿಯಂ ಎಲ್ಲ ಇದರಲ್ಲೇ. ರೀಗಿ ಬೆಟ್ಟದ ರೈಲೂ ಪೂರ್ತಿ ಉಚಿತ. ಹಾಫ್ ಫೇರ್ ಕಾರ್ಡ್ ನೂರ ಚಿಲ್ಲರೆ ಫ್ರಾಂಕ್, ಒಂದು ತಿಂಗಳು ನಡೆಯುತ್ತದೆ. ಹೆಸರೇ ಹೇಳುವ ಹಾಗೆ ಹೆಚ್ಚುಕಮ್ಮಿ ಎಲ್ಲದರಲ್ಲೂ ಅರ್ಧ ದರ.

ಗುಟ್ಟು ಇರುವುದು ದೊಡ್ಡ ಬೆಟ್ಟಗಳಲ್ಲಿ. ನಮ್ಮವರು ಸ್ವಿಟ್ಜರ್ಲೆಂಡ್ ಅಂದರೆ ಮೊದಲು ಕೇಳುವುದೇ ಯುಂಗ್‌ಫ್ರಾಯೋಖ್, 3,454 ಮೀಟರ್ ಎತ್ತರದ ಆ ಸ್ಟೇಷನ್. ಇಂಟರ್‌ಲಾಕನ್‌ನಿಂದ ಹೋಗಿಬರಲು ಸೀಸನ್‌ನಲ್ಲಿ 200 ಫ್ರಾಂಕ್ ದಾಟುತ್ತದೆ. ಟ್ರಾವೆಲ್ ಪಾಸ್ ಇದ್ದರೆ ಗ್ರಿಂಡೆಲ್‌ವಾಲ್ಡ್ ಅಥವಾ ವೆಂಗನ್ ತನಕ ಉಚಿತ, ಅಲ್ಲಿಂದ ಮೇಲೆ ಬರೀ ಶೇಕಡಾ 25 ರಿಯಾಯಿತಿ. ಹಾಫ್ ಫೇರ್ ಇದ್ದರೆ ಕೆಳಗಿನಿಂದ ಮೇಲಿನ ತನಕ ಅರ್ಧ. ಈ ಒಂದೇ ಬೆಟ್ಟಕ್ಕೆ ಕಾರ್ಡಿನ ದುಡ್ಡು ಬಹುಪಾಲು ವಾಪಸ್ ಬಂದುಬಿಡುತ್ತದೆ. ಟಿಟ್ಲಿಸ್, ಪಿಲಾಟುಸ್, ಗೋರ್ನರ್‌ಗ್ರಾಟ್‌ಗಳಿಗೆ ಎರಡರಲ್ಲೂ ಅರ್ಧ ದರ.

ಹಾಗಾಗಿ ನಾನು ಕೇಳುವುದು ಒಂದೇ ಪ್ರಶ್ನೆ. ಒಂದೇ ಊರಿನಲ್ಲಿ ರೂಮ್ ಮಾಡಿ ಬೆಟ್ಟ ಹತ್ತುತ್ತೀರಾ, ಅಥವಾ ದಿನಕ್ಕೊಂದು ಊರು, ದೋಣಿ, ಸೀನರಿ ರೈಲು ಅಂತ ಸುತ್ತುತ್ತೀರಾ? ಬೆಟ್ಟದವರಿಗೆ ಹಾಫ್ ಫೇರ್, ಸುತ್ತುವವರಿಗೆ ಪಾಸ್. ಗ್ಲೇಸಿಯರ್ ಎಕ್ಸ್‌ಪ್ರೆಸ್, ಬರ್ನಿನಾ ಎಕ್ಸ್‌ಪ್ರೆಸ್ ಅಂಥ ಸೀನರಿ ರೈಲಿಗೂ ಪಾಸ್ ನಡೆಯುತ್ತದೆ, ಸೀಟ್ ಶುಲ್ಕ ಬೇರೆ. ಬರ್ನಿನಾದ ಅದೇ ಹಳಿಯ ಮೇಲೆ ಮಾಮೂಲಿ ರೈಲೂ ಓಡುತ್ತದೆ, ಅದಕ್ಕೆ ರಿಸರ್ವೇಶನ್ ಇಲ್ಲ, ಕಿಟಕಿಯನ್ನೂ ತೆಗೆಯಬಹುದು. ಫೋಟೋ ತೆಗೆಯುವವರಿಗೆ ನಾನು ಹೇಳುವುದು ಅದನ್ನೇ.

ಹಾಫ್ ಫೇರ್ ಇದ್ದವರಿಗೆ ಇನ್ನೊಂದು ಅನುಕೂಲ ಇದೆ. ಸೇವರ್ ಡೇ ಪಾಸ್ ಅಂತ ದಿನದ ಪಾಸ್ ಆರು ತಿಂಗಳು ಮುಂಚೆಯೇ ಮಾರಾಟಕ್ಕೆ ಬರುತ್ತದೆ. ಕಾರ್ಡ್ ಇದ್ದವರಿಗೆ 29 ಫ್ರಾಂಕ್‌ನಿಂದ ಶುರು, ಇಲ್ಲದವರಿಗೆ 52ರಿಂದ. ದೂರ ಹೋಗುವ ದಿನಕ್ಕೆ ಇದನ್ನು ಕೊಂಡರೆ ಆಯಿತು. 6ರಿಂದ 15 ವರ್ಷದ ಮಕ್ಕಳಿಗೆ ಸ್ವಿಸ್ ಫ್ಯಾಮಿಲಿ ಕಾರ್ಡ್ ಉಚಿತವಾಗಿ ಕೊಡುತ್ತಾರೆ, ಅಪ್ಪ ಅಥವಾ ಅಮ್ಮ ಜೊತೆಗಿದ್ದರೆ ಅವರಿಗೆ ಟಿಕೆಟ್ಟೇ ಬೇಡ. ಕೇಳಿ ಪಡೆಯಿರಿ. ಯುರೇಲ್ ಇದೆಯಲ್ಲ ಅಂತ ಸುಮ್ನೆ ಇರಬೇಡಿ, ಅದು ಊರೊಳಗಿನ ಟ್ರಾಮ್‌ಗೆ ನಡೆಯುವುದಿಲ್ಲ.

ಜಪಾನ್‌ಗೆ ಜೆಆರ್ (ಜಪಾನ್ ರೈಲ್ವೆ) ಪಾಸ್ ಕಡ್ಡಾಯ ಅಂತ ಒಂದು ವಿಡಿಯೋದಲ್ಲಿ ನೋಡಿದೆ.

ವಿಡಿಯೋದ ತಾರೀಖು ನೋಡಿ. 2023ರ ಅಕ್ಟೋಬರ್ 1ಕ್ಕಿಂತ ಹಳೆಯದಾಗಿದ್ದರೆ ಬಿಟ್ಟುಬಿಡಿ.

ಅವತ್ತಿನ ತನಕ ಏಳು ದಿನದ ಪಾಸ್ 29,650 ಯೆನ್ ಇತ್ತು. ಟೋಕಿಯೋ ಕ್ಯೋಟೋ ಹೋಗಿಬಂದರೇ ಸುಮಾರು 28,000 ಆಗುತ್ತದೆ, ಮೇಲೆ ಒಂದೆರಡು ಓಡಾಟ ಮಾಡಿದರೆ ಪಾಸ್ ಲಾಭ. ಎಲ್ಲರೂ ಕಣ್ಣು ಮುಚ್ಚಿ ಕೊಳ್ಳುತ್ತಿದ್ದರು, ಸರಿಯಾಗಿಯೇ ಇತ್ತು. ಅವತ್ತು ಒಂದೇ ಏಟಿಗೆ ದರವನ್ನು 50,000ಕ್ಕೆ ಏರಿಸಿದರು. ಹದಿನಾಲ್ಕು ದಿನದ್ದು 80,000, ಇಪ್ಪತ್ತೊಂದು ದಿನದ್ದು ಒಂದು ಲಕ್ಷ ಯೆನ್.

ಈಗ ಲೆಕ್ಕ ನೋಡಿ. ಟೋಕಿಯೋದಿಂದ ಕ್ಯೋಟೋ 14,000 ಹತ್ತಿರ, ಕ್ಯೋಟೋದಿಂದ ಹಿರೋಶಿಮಾ 11,000 ಚಿಲ್ಲರೆ, ಹಿರೋಶಿಮಾದಿಂದ ವಾಪಸ್ ಟೋಕಿಯೋ 19,000 ಚಿಲ್ಲರೆ. ಒಂದು ವಾರದಲ್ಲಿ ಇಷ್ಟು ಸುತ್ತಿದರೂ 45,000 ಆಸುಪಾಸಿನಲ್ಲೇ ನಿಲ್ಲುತ್ತದೆ. ಪಾಸ್ ದರ ಮುಟ್ಟುವುದಿಲ್ಲ. ಅಷ್ಟೇ ಅಲ್ಲ, ಅತಿ ವೇಗದ ನೊಝೋಮಿ ರೈಲಿಗೆ ಪಾಸ್‌ನವರು ಹೆಚ್ಚುವರಿ ಕೊಡಬೇಕು, ಟೋಕಿಯೋ ಕ್ಯೋಟೋಗೆ 4,960 ಯೆನ್. ಬಿಡಿ ಟಿಕೆಟ್ ಕೊಂಡವರು ಅದರಲ್ಲೇ ಆರಾಮಾಗಿ ಹೋಗುತ್ತಾರೆ. ಟೋಕಿಯೋ ಮೆಟ್ರೋ, ಕನ್ಸಾಯ್ (ಕ್ಯೋಟೋ, ಒಸಾಕಾ ಇರುವ ಭಾಗ) ಕಡೆಯ ಖಾಸಗಿ ರೈಲುಗಳಿಗೆ ಜೆಆರ್ ಪಾಸ್ ನಡೆಯುವುದೂ ಇಲ್ಲ. ಅದಕ್ಕೆ ಸುಯಿಕಾ ಅಥವಾ ಇಕೋಕಾ ಅನ್ನುವ, ದುಡ್ಡು ತುಂಬಿಸಿಕೊಳ್ಳುವ ಕಾರ್ಡ್ ಅನುಕೂಲ.

ಟೋಕಿಯೋದಲ್ಲಿ ಇಳಿದು ಒಸಾಕಾದಿಂದ ವಿಮಾನ ಹತ್ತುವ ಹಾಗೆ ಟಿಕೆಟ್ ಮಾಡಿಕೊಂಡರೆ ವಾಪಸ್ ಬರುವ 14,000 ಯೆನ್ನೂ ಉಳಿಯಿತು, ಅರ್ಧ ದಿನವೂ ಉಳಿಯಿತು. ಒಂದೇ ಭಾಗದಲ್ಲಿ ಸುತ್ತುವುದಾದರೆ ಆ ಭಾಗದ್ದೇ ಚಿಕ್ಕ ಪಾಸ್‌ಗಳಿವೆ, ಕನ್ಸಾಯ್ ವೈಡ್ ಏರಿಯಾ ಪಾಸ್ ಅಂಥವು. ಅವು ಈಗಲೂ ಲಾಭದ ಬಾಬತ್ತು.

ಅಲ್ಲೇ ಕೆಲಸದ ವೀಸಾದಲ್ಲಿ ಇರುವ ನಮ್ಮವರಿಗೆ ಜೆಆರ್ ಪಾಸ್ ಸಿಗುವುದಿಲ್ಲ, ಪ್ರವಾಸಿ ಮುದ್ರೆ ಇದ್ದವರಿಗೆ ಮಾತ್ರ. ಇನ್ನೊಂದು, ಉದ್ದ ಅಗಲ ಎತ್ತರ ಸೇರಿ 160 ಸೆಂಟಿಮೀಟರ್ ದಾಟುವ ಸೂಟ್‌ಕೇಸ್ ಇದ್ದರೆ ಟೋಕಿಯೋ ಒಸಾಕಾ ಕಡೆಯ ಶಿಂಕಾನ್ಸೆನ್ ಬುಲೆಟ್ ರೈಲುಗಳಲ್ಲಿ ಅದಕ್ಕೆ ಜಾಗ ಇರುವ ಸೀಟನ್ನೇ ಬುಕ್ ಮಾಡಬೇಕು. ಹಪ್ಪಳ ಸಂಡಿಗೆ ತುಂಬಿದ ದೊಡ್ಡ ಪೆಟ್ಟಿಗೆ ಒಯ್ಯುವವರು ಗಮನಿಸಿ.

ಮಗಳು ಜರ್ಮನಿಯಲ್ಲಿ ಇದ್ದಾಳೆ, ಎರಡು ತಿಂಗಳು ಇರಲು ಹೋಗುತ್ತಿದ್ದೇವೆ. ಯುರೇಲ್ ತಗೋಬೇಕಾ?

ಬೇಡ. ಡಾಯ್ಚ್‌ಲಾಂಡ್ ಟಿಕೆಟ್ ತೆಗೆದುಕೊಳ್ಳಿ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯಿತು, 2025ರಲ್ಲಿ 58 ಆಯಿತು, 2026ರಿಂದ 63. ಇಡೀ ದೇಶದ ಲೋಕಲ್ ರೈಲು, ಬಸ್, ಟ್ರಾಮ್, ಮೆಟ್ರೋ ಎಲ್ಲದಕ್ಕೂ ತಿಂಗಳಿಡೀ ನಡೆಯುತ್ತದೆ. ಐಸಿಇ, ಐಸಿ ಅಂತ ವೇಗದ ರೈಲಿಗೆ ಮಾತ್ರ ನಡೆಯುವುದಿಲ್ಲ. ಪ್ರವಾಸಿಗಳೂ ಕೊಳ್ಳಬಹುದು. ಒಂದೇ ಎಚ್ಚರಿಕೆ, ಇದು ಚಂದಾ ಇದ್ದ ಹಾಗೆ, ತಾನಾಗಿ ಮುಂದುವರಿಯುತ್ತದೆ. ಹೊರಡುವ ತಿಂಗಳ 10ನೇ ತಾರೀಖಿನೊಳಗೆ ರದ್ದು ಮಾಡದಿದ್ದರೆ ನೀವು ಮೈಸೂರಿನಲ್ಲಿ ಕಾಫಿ ಕುಡಿಯುವಾಗ ಅಲ್ಲಿ ದುಡ್ಡು ಕಟ್ ಆಗುತ್ತಿರುತ್ತದೆ.

ಮ್ಯೂನಿಕ್ ಸುತ್ತ ಒಂದೆರಡು ದಿನ ಮಾತ್ರ ಅಂದರೆ ಆ ರಾಜ್ಯದ ದಿನದ ಟಿಕೆಟ್ ಬಯರ್ನ್ ಟಿಕೆಟ್ ಸಾಕು. ಐದು ಜನರ ತನಕ ಒಂದೇ ಟಿಕೆಟ್‌ನಲ್ಲಿ ಹೋಗಬಹುದು, ವಾರದ ದಿನಗಳಲ್ಲಿ ಬೆಳಿಗ್ಗೆ 9ರ ನಂತರ. ನೊಯ್‌ಶ್ವಾನ್‌ಸ್ಟೈನ್ ಕೋಟೆ ನೋಡಲು ಫ್ಯೂಸೆನ್‌ಗೆ, ಗಡಿ ದಾಟಿ ಸಾಲ್ಜ್‌ಬರ್ಗ್‌ಗೂ ನಡೆಯುತ್ತದೆ.

ಮಗಳು ನಿಮ್ಮ ಜೊತೆ ಬೇರೆ ದೇಶಕ್ಕೆ ಬರುವುದಾದರೆ, ಅವಳು ಅಲ್ಲಿನ ನಿವಾಸಿ ಆದ್ದರಿಂದ ಅವಳಿಗೆ ಯುರೇಲ್ ಅಲ್ಲ, ಇಂಟರ್‌ರೇಲ್. ಪಾಸ್‌ಪೋರ್ಟ್ ಭಾರತದ್ದೇ ಆದರೂ ಲೆಕ್ಕಕ್ಕೆ ಬರುವುದು ವಾಸ. ರೈಲು ಒಂದೇ, ಆದರೆ ಅವಳು ವಾಸವಿರುವ ಜರ್ಮನಿಯೊಳಗೆ ಆ ಪಾಸ್ ದೇಶ ಬಿಟ್ಟು ಹೊರಡುವಾಗ, ವಾಪಸ್ ಬರುವಾಗ ಮಾತ್ರ ನಡೆಯುತ್ತದೆ.

ಅಮೆರಿಕ? ಇಂಗ್ಲೆಂಡ್?

ಅಮೆರಿಕದ ರೈಲು ಕಂಪನಿ ಆಮ್‌ಟ್ರ್ಯಾಕ್‌ನ ಪಾಸ್ 499 ಡಾಲರ್, 30 ದಿನದಲ್ಲಿ 10 ಪ್ರಯಾಣ. ರೈಲು ಬದಲಿಸಿದರೆ ಎರಡು ಪ್ರಯಾಣ ಅಂತ ಲೆಕ್ಕ. ದಿನಗಟ್ಟಲೆ ಕೂತು ದೇಶ ದಾಟುವ ಹುಚ್ಚು ಇರುವವರಿಗೆ ಒಳ್ಳೆಯದು, ಸೊಸೆಯ ಬಾಣಂತನಕ್ಕೆ ಹೋದವರಿಗೆ ಉಪಯೋಗ ಕಮ್ಮಿ. ಇಂಗ್ಲೆಂಡ್‌ನಲ್ಲಿ ಇಬ್ಬರೇ ಹೋಗುತ್ತಿದ್ದರೆ ಟೂ ಟುಗೆದರ್ ರೇಲ್‌ಕಾರ್ಡ್ ನೋಡಿ, ಟಿಕೆಟ್ ದರದಲ್ಲಿ ಮೂರನೇ ಒಂದು ಭಾಗ ಕಮ್ಮಿ. ವಾರದ ದಿನಗಳಲ್ಲಿ ಬೆಳಿಗ್ಗೆ 9.30ರ ಮುಂಚೆ ನಡೆಯುವುದಿಲ್ಲ.

ವೀಸಾ ಕೈಗೆ ಬರುವ ಮುಂಚೆ ಟಿಕೆಟ್ ಕೊಳ್ಳಬಹುದಾ?

ಇದೇ ನಿಜವಾದ ಸಂಕಟ. ಅಗ್ಗದ ಟಿಕೆಟ್ ಬೇಕಾದರೆ ಮುಂಚೆ ಕೊಳ್ಳಬೇಕು, ಆದರೆ ಅಗ್ಗದ ಟಿಕೆಟ್‌ಗೆ ರಿಫಂಡ್ ಇರುವುದಿಲ್ಲ. ವೀಸಾ ಬರದಿದ್ದರೆ ದುಡ್ಡು ಹೋಯಿತು.

ನಾನು ಮಾಡುವುದು ಹೀಗೆ. ಷೆಂಗೆನ್‌ಗೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು, ಹಾಗಾಗಿ ಆದಷ್ಟು ಬೇಗ ಹಾಕುತ್ತೇನೆ. ವೀಸಾ ಬಂದ ದಿನ ರಾತ್ರಿಯೇ ಕೂತು ದುಬಾರಿ ಪ್ರಯಾಣಗಳನ್ನು ಮೊದಲು ಕೊಳ್ಳುತ್ತೇನೆ. ವೀಸಾ ತೀರಾ ಕೊನೆಗೆ, ಹೊರಡಲು ಹತ್ತು ದಿನ ಇರುವಾಗ ಬಂದರೆ ಲೆಕ್ಕ ಉಲ್ಟಾ ಆಗುತ್ತದೆ. ಆಗ ಬಿಡಿ ಟಿಕೆಟ್ ದರ ಏರಿರುತ್ತದೆ, ಪಾಸ್ ದರ ಮಾತ್ರ ಹಾಗೇ ಇರುತ್ತದೆ. ಆ ಪರಿಸ್ಥಿತಿಯಲ್ಲಿ ಪಾಸ್ ಕೊಂಡರೆ ತಪ್ಪೇನಿಲ್ಲ, ರಿಸರ್ವೇಶನ್ ಸಿಗುತ್ತದಾ ಅಂತ ಮೊದಲು ನೋಡಿ. ಆ್ಯಕ್ಟಿವೇಟ್ ಮಾಡದ ಯುರೇಲ್ ಪಾಸ್ ವಾಪಸ್ ಕೊಟ್ಟರೆ ಸ್ವಲ್ಪ ಕಡಿತ ಮಾಡಿ ದುಡ್ಡು ಕೊಡುತ್ತಾರೆ, ಆಫರ್‌ನಲ್ಲಿ ಕೊಂಡಿದ್ದಕ್ಕೆ ಇಲ್ಲ.

ಎಷ್ಟು ದಿನ ಮುಂಚೆ ಬುಕಿಂಗ್ ಶುರುವಾಗುತ್ತದೆ? ವೇಟಿಂಗ್ ಲಿಸ್ಟ್ ಇದೆಯಾ?

ವೇಟಿಂಗ್ ಲಿಸ್ಟ್, ಆರ್‌ಎಸಿ, ತತ್ಕಾಲ್ ಯಾವುದೂ ಇಲ್ಲ. ನಮ್ಮಲ್ಲಿ ಈಗ 60 ದಿನ, ಯುರೋಪಿನಲ್ಲಿ ದೇಶಕ್ಕೊಂದು ಥರ. ಮೂರು ನಾಲ್ಕು ತಿಂಗಳು ಮುಂಚೆ ನೋಡಲು ಶುರು ಮಾಡಿ. ಯುರೋಪಿನ ವೇಳಾಪಟ್ಟಿ ಪ್ರತಿ ವರ್ಷ ಡಿಸೆಂಬರ್ ಎರಡನೇ ವಾರಾಂತ್ಯಕ್ಕೆ ಬದಲಾಗುತ್ತದೆ. ಅದರ ನಂತರದ ಟಿಕೆಟ್‌ಗಳು ತಡವಾಗಿ ತೆರೆಯುತ್ತವೆ, ಕ್ರಿಸ್‌ಮಸ್ ಹೊತ್ತಿಗೆ ಹೋಗುವವರು ಗಾಬರಿಯಾಗಬೇಡಿ. ಆಯಾ ದೇಶದ ರೈಲ್ವೆಯ ಸೈಟ್‌ನಲ್ಲೇ ಕೊಳ್ಳಿ. ನಮ್ಮ ಕಾರ್ಡ್ ಅಲ್ಲಿ ಕೈಕೊಟ್ಟರೆ ಮಾತ್ರ ಮಧ್ಯದ ಸೈಟ್‌ಗೆ ಹೋಗಿ, ಅವರದ್ದು ಸ್ವಲ್ಪ ಸೇವಾ ಶುಲ್ಕ ಇರುತ್ತದೆ. ಒಟಿಪಿ ಬರುವ ಸಿಮ್ ರೋಮಿಂಗ್‌ನಲ್ಲಿ ಇರಲಿ.

ಬಿಡಿ ಟಿಕೆಟ್ ಕೊಂಡು ರೈಲು ತಪ್ಪಿದರೆ?

ನಿಮ್ಮ ತಪ್ಪಿನಿಂದಾದರೆ ಅಗ್ಗದ ಟಿಕೆಟ್ ಹೋಯಿತು ಅಂತಲೇ. ರೈಲಿನವರ ತಪ್ಪಾದರೆ ಹಾಗಲ್ಲ. ಜರ್ಮನಿಯಲ್ಲಿ ಒಂದೇ ಟಿಕೆಟ್‌ನಲ್ಲಿ ಎರಡು ರೈಲು ಇದ್ದು, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ರೈಲು ಹತ್ತಬಹುದು. ಅದೇ ಎರಡು ಬೇರೆ ಬೇರೆ ಟಿಕೆಟ್ ಕೊಂಡಿದ್ದರೆ ಎರಡನೆಯದರ ಹೊಣೆ ನಿಮ್ಮ ತಲೆಗೇ ಬರಬಹುದು. ಆದ್ದರಿಂದ ಒಂದೆರಡು ಯೂರೋ ಜಾಸ್ತಿಯಾದರೂ ಪೂರ್ತಿ ದಾರಿಗೆ ಒಂದೇ ಟಿಕೆಟ್ ಮಾಡಿ. ಯುರೋಪಿನ ನಿಯಮದ ಪ್ರಕಾರ ಒಂದು ಗಂಟೆ ತಡವಾದರೆ ದರದ ಕಾಲು ಭಾಗ, ಎರಡು ಗಂಟೆಗೆ ಅರ್ಧ ವಾಪಸ್ ಕೇಳಬಹುದು.

ಪಾಸ್ ಗೆಲ್ಲುವುದು ಇಲ್ಲೇ. ಮುಷ್ಕರ ಆಗಲಿ, ಮಳೆ ಬರಲಿ, ಮಗುವಿಗೆ ಜ್ವರ ಬರಲಿ, ನಾಳೆ ಹೋದರಾಯಿತು.

ಇನಿಷಿಯಲ್ ಇದೆ, ಸರ್‌ನೇಮ್ ಇಲ್ಲ. ಏನು ತುಂಬಲಿ?

ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಹಾಗೇ. ಪಾಸ್ ತೋರಿಸುವಾಗ ಟಿಸಿ ಪಾಸ್‌ಪೋರ್ಟ್ ಕೇಳಬಹುದು, ಎರಡೂ ತಾಳೆಯಾಗಬೇಕು. ಸರ್‌ನೇಮ್ ಖಾಲಿ ಇದ್ದವರು ಎರಡೂ ಕಡೆ ಅದೇ ಹೆಸರು ಹಾಕುವುದು ರೂಢಿ. ನಾನೂ ಹಾಗೇ ಮಾಡಿದ್ದೇನೆ, ಯಾರೂ ಏನೂ ಕೇಳಿಲ್ಲ.

ಫಸ್ಟ್ ಕ್ಲಾಸ್?

ಬೇಡ. ಅಲ್ಲಿನ ಸೆಕೆಂಡ್ ಕ್ಲಾಸ್ ನಮ್ಮ ಎಸಿ ಚೇರ್ ಕಾರ್‌ಗಿಂತ ಚೆನ್ನಾಗಿರುತ್ತದೆ.

ಇಷ್ಟೆಲ್ಲಾ ಹೇಳುತ್ತೀರಲ್ಲ, ಪಾಸ್ ಕೊಂಡು ನಿಮಗೆ ಲಾಭ ಆಗಿದ್ದು ಯಾವತ್ತಾದರೂ ಇದೆಯಾ?

ಇದೆ, ಒಂದು ಸಲ. ಅಕ್ಟೋಬರ್ ತಿಂಗಳು, ಒಬ್ಬನೇ, ಬೆನ್ನಿಗೊಂದು ಬ್ಯಾಗ್. ತಿಂಗಳೊಳಗೆ ಏಳು ದಿನದ ಪಾಸ್. ರದ್ದು ಮಾಡಬಹುದಾದ ಹೋಟೆಲ್‌ಗಳನ್ನು ವೀಸಾಕ್ಕೆ ತೋರಿಸಿದ್ದೆ, ದೇಶಗಳ ಪಟ್ಟಿ ಹಾಗೇ ಇಟ್ಟು ಒಳಗಿನ ಊರುಗಳನ್ನು ಮಾತ್ರ ಬದಲಾಯಿಸಿದೆ. ಜರ್ಮನಿ, ಆಸ್ಟ್ರಿಯಾ, ಸ್ಲೊವೇನಿಯಾ. ಎಲ್ಲೂ ರಿಸರ್ವೇಶನ್ ಬೇಕಾಗಲಿಲ್ಲ.

ಸಾಲ್ಜ್‌ಬರ್ಗ್‌ನಲ್ಲಿ ಒಂದು ಬೆಳಿಗ್ಗೆ ಹಾಲ್‌ಸ್ಟಾಟ್‌ಗೆ ಹೊರಟಿದ್ದೆ. ಸ್ಟೇಷನ್‌ಗೆ ಬರುವಷ್ಟರಲ್ಲಿ ಆಗುಂಬೆಯ ಮಳೆ. ಸರೋವರ, ಬೆಟ್ಟ ಯಾವುದೂ ಕಾಣುವುದಿಲ್ಲ ಅಂತ ಗೊತ್ತಾಯಿತು. ಬೋರ್ಡ್ ನೋಡಿದೆ, ದಕ್ಷಿಣಕ್ಕೆ ಲ್ಯುಬ್ಲಿಯಾನಾ ಕಡೆ ಒಂದು ರೈಲು ಹೊರಡುವುದರಲ್ಲಿತ್ತು. ಆ್ಯಪ್‌ನಲ್ಲಿ ಅದನ್ನು ಸೇರಿಸಿ ಹತ್ತಿದೆ. ಆಲ್ಪ್ಸ್ ಕೆಳಗಿನ ಉದ್ದ ಸುರಂಗ ದಾಟಿ ಆ ಕಡೆ ಬರುವ ಹೊತ್ತಿಗೆ ಬಿಸಿಲು. ಲೆಸ್ಸೆ ಬ್ಲೆಡ್ ಅನ್ನುವ ಚಿಕ್ಕ ಸ್ಟೇಷನ್‌ನಲ್ಲಿ ಇಳಿದು, ಬಸ್ ಹಿಡಿದು, ಮಧ್ಯಾಹ್ನಕ್ಕೆ ಬ್ಲೆಡ್ ಸರೋವರದ ದಂಡೆಯಲ್ಲಿ ಕೂತು ಚಟ್ನಿಪುಡಿ ಹಚ್ಚಿದ ಬ್ರೆಡ್ ತಿಂದೆ. ಆ ಪ್ರವಾಸದ ಲೆಕ್ಕ ಆಮೇಲೆ ಹಾಕಿ ನೋಡಿದರೆ ಬಿಡಿ ಟಿಕೆಟ್‌ಗಿಂತ ಪಾಸ್ ಇಪ್ಪತ್ತು ಯೂರೋ ಜಾಸ್ತಿಯೇ ಆಗಿತ್ತು. ನಾನು ಅದನ್ನು ಲಾಭದ ಖಾತೆಗೇ ಬರೆದುಕೊಂಡಿದ್ದೇನೆ.